ಊರುಗೋಲಿನ ಮೇಲಿನ ಪೊರೆ

ಬೆಟ್ಟದ ಮೇಲಿನ ಕಣಿವೆಯ ಹೊಂಡದಲ್ಲಿ ನೀರಿನ ಮಟ್ಟ ಬರೆದುಕೊಳ್ಳುವುದು ಅಳತೆಯಕ್ಕನ ಕೆಲಸ. ಇಪ್ಪತ್ತಾರು ವರ್ಷ ಅದೇ ಏರು ಹತ್ತಿ ಇಳಿದು ಅವಳ ಮಂಡಿಗಳು ಸವೆದಿದ್ದವು. ಸೋಮವಾರ ಆ ಹೊಂಡಕ್ಕೆ ಕಲ್ಲು ತುಂಬಿ ರಸ್ತೆ ಮಾಡುವವರಿದ್ದರು. ಏರೋಪ್ಲೇನ್ ಚಿಟ್ಟೆಗಳನ್ನೂ ಸೂಜಿಯಷ್ಟು ಸಪೂರವಾದ ಅವುಗಳ ದಾಯಾದಿಗಳನ್ನೂ ಅಲ್ಲಿಂದ ಎಬ್ಬಿಸಬೇಡಿ ಎಂದು ಅವಳು ಅರ್ಜಿ ಕೊಟ್ಟಿದ್ದಳು.

"ಹಾರೋವು ಎಲ್ಲಿಂದಾದ್ರೂ ಬರ್ತವೆ ಅಕ್ಕ. ಇಲ್ಲೇ ಹುಟ್ಟಿವೆ ಅಂತ ತೋರಿಸಿ, ಲಾರಿ ವಾಪಸ್ ಕಳಿಸ್ತೀನಿ," ಎಂದಿದ್ದ ಎಂಜಿನಿಯರ್.

ಮರಿಗಳು ನೀರೊಳಗೆ ಬೆಳೆದು, ಜೊಂಡು ಹತ್ತಿ, ಪೊರೆ ಕಳಚಿ ಹಾರುತ್ತವೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಕೆಲಸದವರು ಜೊಂಡನ್ನೆಲ್ಲ ಆಗಲೇ ಕೊಯ್ದಿದ್ದರು. ಮೂರು ದಿನ ಹುಡುಕಿದರೂ ಒಂದು ಪೊರೆಯೂ ಸಿಗಲಿಲ್ಲ.

"ಇನ್ನು ನಿನ್ನ ಮಂಡಿ ಪೊರೆ ಕಳಚೋದೊಂದೇ ಬಾಕಿ," ಎಂದು ತಂಗಿ ರೇಗಿದಳು.

ಭಾನುವಾರ ಬೆಳಿಗ್ಗೆ ಅವಳಿಗೆ ಸಾಕುಸಾಕಾಗಿತ್ತು. ಊರುಗೋಲನ್ನು ಹೊಂಡದ ಅಂಚಿನ ಕೆಸರಿಗೆ ಚುಚ್ಚಿ ಬಂಡೆಗೊರಗಿದಳು. ಕಣ್ಣು ಹತ್ತಿತು. ಎಚ್ಚರವಾದಾಗ ಕೋಲಿಗೆ ಅಂಟಿದ್ದ ಕಂದು ಮರಿಯೊಂದರ ಬೆನ್ನು ಬಿರಿದು, ಸುಕ್ಕು ರೆಕ್ಕೆಯ ಚಿಟ್ಟೆ ಹೊರಬರುತ್ತಿತ್ತು.

"ನಿಂಗೂ ಊರೋಕೆ ಬೇರೇನೂ ಸಿಗ್ಲಿಲ್ವಾ ತಾಯಿ?" ಎಂದಳು.

ಕೋಲಿಲ್ಲದೆ ಅವಳು ಏಳಲಾರಳು. ರೆಕ್ಕೆ ಒಣಗುವ ಮುನ್ನ ಕೋಲನ್ನು ಮುಟ್ಟುವಂತಿಲ್ಲ. ಬಿಸಿಲೇರುವವರೆಗೆ ಹಸಿದುಕೊಂಡೇ ಕಾದಳು. ಚಿಟ್ಟೆ ಹಾರಿತು, ಪೊರೆ ಉಳಿಯಿತು.

ಕೋಲೂರಿದರೆ ಪೊರೆ ಉದುರೀತೆಂದು ಅದನ್ನು ಮೇಲೆತ್ತಿ ಹಿಡಿದು, ಎಂಜಿನಿಯರನ ಮನೆಯ ಕಡೆಗೆ ಅವಳು ಇಡೀ ಇಳಿಜಾರನ್ನು ಕೂತುಕೂತೇ ಇಳಿದಳು.