ದಮ್ಮು ಎಂಬ ನಾನಾರ್ಥ ಪದ

ಜಮಖಂಡಿಯ ವೈದ್ಯರೊಬ್ಬರು ನನ್ನನ್ನು ಮುಟ್ಟಿಯೂ ನೋಡದೆ, ನನಗಿಲ್ಲದ ರೋಗಕ್ಕೆ ಎರಡು ವರ್ಷ ಔಷಧ ಕೊಟ್ಟರು. ನನಗಾದ ಅನ್ಯಾಯ ಇದು. ಅದಕ್ಕೆ ಪದ ಒದಗಿಸಿದವನು ನಾನೇ ಆದ್ದರಿಂದ ಸಿಟ್ಟು ಇಮ್ಮಡಿಯಾಗಿದೆ.

ನಾನು ಬನಹಟ್ಟಿಯ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ನಾನಾರ್ಥ ಪದಗಳ ಪಾಠದಲ್ಲಿ ನನ್ನನ್ನು ಮೀರಿಸಿದವರಿಲ್ಲವೆಂಬ ಸಂಗತಿಯನ್ನು ಹಲವರಿಗೆ ಖುದ್ದಾಗಿ ತಿಳಿಸಿದ್ದೇನೆ. ಅಂಥವನು ವೈದ್ಯರೆದುರು ಕುಳಿತು ಹೇಳಿದ್ದಿಷ್ಟು:

"ಮಾಳಗಿ ಏರಿದ್ರ ದಮ್ಮ ಹತ್ತತೈತ್ರಿ."

"ದಮ್ಮ ಏನ್ರಿ ಗುರುಗಳ? ಪಂಪ ಎಳೀರಿ, ಆರಾಮ ಆಗ್ತೈತಿ," ಎಂದರು ಅವರು, ಮೊಬೈಲಿನಿಂದ ಕಣ್ಣೆತ್ತದೆ.

ನಮ್ಮ ಕಡೆ ಏದುಸಿರೂ ದಮ್ಮೇ, ಅಸ್ತಮಾ ಕೂಡ ದಮ್ಮೇ. ನಾನು ಹೇಳಿದ್ದು ಮೊದಲನೆಯದು, ಅವರು ಕೇಳಿಸಿಕೊಂಡದ್ದು ಎರಡನೆಯದು. ಸ್ಥಳದಲ್ಲೇ ತಿದ್ದಬೇಕಾಗಿದ್ದ ಮಾಸ್ತರನು 'ಗುರುಗಳ' ಎಂಬ ಮಾತಿಗೆ ಉಬ್ಬಿ, ಉಸಿರಿನೊಡನೆ ಎಳೆಯುವ ಔಷಧದ ಆ ಪಂಪನ್ನು ಜೇಬಿಗಿಳಿಸಿ ಮನೆಗೆ ಬಂದ.

ಎಳೆದೆ. ಗುಣವಾಗದಿದ್ದಾಗ ಓಣಿಯ ಮಗ್ಗಗಳ ದೂಳನ್ನು ಬೈದೆ, ಆಮೇಲೆ ಹೆಂಡತಿಯ ಒಗ್ಗರಣೆಯನ್ನು.

"ನಲವತ್ತ ವರ್ಷ ಇದ ಒಗ್ಗರಣಿ ಉಂಡೀರಿ. ಈಗ ಘಾಟ ಹತ್ತಿತೇನ್ರಿ?" ಎಂದಳು ಆಕೆ.

ಉಸಿರು ಗಿಡ್ಡವಾಗುತ್ತಲೇ ಹೋಯಿತು.

ಹೀಗಿರುವಾಗ ಮುಧೋಳದಲ್ಲಿ ಹೆಂಡತಿಯ ತಮ್ಮನ ಮಗಳ ಮದುವೆ ಬಂತು. ಊಟ ಮೇಲಿನ ಮಹಡಿಯಲ್ಲಿ. ಕೆಳಗೆ ನಿಂತು ಮೆಟ್ಟಿಲುಗಳನ್ನು ಕಣ್ಣಲ್ಲೇ ಅಳೆಯುತ್ತಿದ್ದ ನನ್ನನ್ನು ನೋಡಿ ಭಾವಮೈದುನ ಬೀಗರೆದುರಿಗೇ ಕೂಗಿದ:

"ದಮ್ಮ ಇದ್ರ ಬರ್ರಿ ಮಾವಾರ! ಇಲ್ಲಂದ್ರ ತಾಟ ಕೆಳಗ ಕಳಸ್ತೀನಿ."

ದಮ್ಮಿಗೆ ತಾಕತ್ತೆಂಬ ಮೂರನೆಯ ಅರ್ಥವೂ ಉಂಟು. ಅದರ ಮಾನ ಉಳಿಸಲು ಎಲ್ಲಿಯೂ ನಿಲ್ಲದೆ ಏರಿದೆ. ಕೊನೆಯ ಮೆಟ್ಟಿಲಲ್ಲಿ ಕಣ್ಣು ಕತ್ತಲಿಟ್ಟಿತು. ಎಚ್ಚರವಾದಾಗ ಹೋಳಿಗೆಯ ಬುಟ್ಟಿಯ ಮೇಲೆ ಬಿದ್ದಿದ್ದೆ. ಭಾವಮೈದುನ ಟವೆಲಿನಿಂದ ಗಾಳಿ ಹಾಕುತ್ತ, "ಅಕ್ಕಾ, ಈ ಹೋಳಗಿ ಇನ್ನ ಮಂದಿಗೆ ನೀಡೂ ಹಂಗಿಲ್ಲ," ಎನ್ನುತ್ತಿದ್ದ. ಅದನ್ನೂ ನಾನು ಮರೆತಿಲ್ಲ.

ಮರುದಿನ ಅವನೇ ಬೆಳಗಾವಿಗೆ ಕರೆದೊಯ್ದ. ಅಲ್ಲಿಯ ಎದೆರೋಗದ ವೈದ್ಯೆ ನನ್ನ ಮಗಳ ವಯಸ್ಸಿನವರು. ಎದೆಯ ಸದ್ದು ಆಲಿಸಿದ ಮೇಲೆ ಧೋತರ ಸರಿಸಿ ಕಾಲು ನೋಡಿದರು.

"ಎಡಗಾಲ ಬಾತೈತಲ್ರಿ. ಯಾವಾಗಿಂದ?"

"ಲೋಕಾಪುರದಾಗ ಗಾಡಿ ಮ್ಯಾಲಿಂದ ಬಿದ್ದಿದ್ನಿರಿ. ಪ್ಲಾಸ್ಟರ್ ಹಾಕಿದ್ರು, ಆವಾಗಿಂದ."

"ದಮ್ಮ ಹತ್ತೂದು ಅದಾದ ಮ್ಯಾಲ ಶುರು ಆತೇನ್ರಿ?"

ಹೌದು. ಆದರೆ ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೇಳದ್ದನ್ನು ಹೇಳುವುದು ನನ್ನ ಘನತೆಗೆ ಒಪ್ಪುತ್ತಿರಲಿಲ್ಲ.

ಹೃದಯದ ಎಕೋ ಆಯಿತು, ಶ್ವಾಸಕೋಶದ ಸ್ಕ್ಯಾನ್ ಆಯಿತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೇರಿ ಶ್ವಾಸಕೋಶದ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಗಟ್ಟಿಯಾಗಿತ್ತು. ಒತ್ತಡ ಏರಿ ಹೃದಯದ ಬಲಭಾಗ ದಣಿದಿತ್ತು. ಪಂಪಿನ ಔಷಧ ಹೋಗುವುದು ಗಾಳಿಯ ದಾರಿಯಲ್ಲಿ. ನನ್ನಲ್ಲಿ ಕಟ್ಟಿದ್ದು ರಕ್ತದ ದಾರಿ.

"ಲಗೂನ ಬಂದಿದ್ರ ಗುಳಿಗ್ಯಾಗ ಮುಗೀತಿತ್ತ ನೋಡ್ರಿ," ಎಂದರು ಆಕೆ. "ಈಗ ರಕ್ತ ತೆಳು ಮಾಡೂ ಗುಳಿಗಿ ಕಾಯಂ. ಹಳೇ ಗಂಟ ತಗೀಬೇಕಂದ್ರ ಎದಿ ತೆರದು ಆಪರೇಷನ್ ಮಾಡಬೇಕ. ನಿಮ್ಮ ಹೃದಯ ಅದನ್ನ ತಡೀತೈತೋ ಇಲ್ಲೋ, ನೋಡೂಣು."

ಇನ್ನೂ ನೋಡುತ್ತಿದ್ದಾರೆ. ಅಲ್ಲಿಯವರೆಗೆ ನನಗೆ ಮಾಳಿಗೆ ನಿಷಿದ್ಧ.

ಜಮಖಂಡಿಯ ವೈದ್ಯರೇ, ಇಂದೂ ಎಷ್ಟೋ ಜನ ಏದುಸಿರು ಬಿಡುತ್ತ ನಿಮ್ಮ ಬಾಗಿಲಲ್ಲಿ ಕುಳಿತಿರುತ್ತಾರೆ. ಅವರಲ್ಲಿ ಒಬ್ಬರ ಕಾಲನ್ನಾದರೂ ಬಗ್ಗಿ ನೋಡಿದ್ದೀರಾ?