ಮೂರು ಕೂಗು

ಬೆಳ್ಳುಳ್ಳಿ ಹಾಕಿದ ಹುರಳಿಕಾಳಿನ ವಾಸನೆ ಅಡಿಗೆಮನೆ ದಾಟಿ ನಡುಮನೆಯ ತನಕ ಬಂದಿದೆ. ವಾಸನೆಯೇನೋ ಬಂತು, ಸಪ್ಪಳ ಮಾತ್ರ ಇಲ್ಲ. ಸಪ್ಪಳವಿಲ್ಲದೆ ಬೇಯುವ ಅಡಿಗೆ ಅಂದರೆ ನನಗೆ ಮೊದಲಿನಿಂದಲೂ ಅನುಮಾನ. ಸೊಸೆ ಸುಮಾ ಫೋನಿನಲ್ಲೇ ಒತ್ತಿ ತರಿಸಿಕೊಂಡ ಕರೆಂಟಿನ ಸ್ಲೋ ಕುಕ್ಕರು ಅದು. ಒಳಗೆ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಬೆಳಗ್ಗೆ ಏಳಕ್ಕೆ ನೆನೆದ ಕಾಳು, ಅಕ್ಕಿನುಚ್ಚು, ಬದನೆಕಾಯಿ, ಈರುಳ್ಳಿ, ಖಾರ, ಉಪ್ಪು ಎಲ್ಲ ಒಟ್ಟಿಗೆ ಸುರಿದು, ನೀರು ಹೊಯ್ದು, ಗುಂಡಿ ತಿರುವಿ ಅವಳು ಹೊನ್ನಾಳಿ ಬಸ್ಸು ಹತ್ತಿದರೆ ಮುಗೀತು. ಮಧ್ಯಾಹ್ನ ಒಂದು ಗಂಟೆಗೆ ನಮಗೆ ಬಿಸಿಬಿಸಿ ಊಟ. ಅಲ್ಲಿಯ ತನಕ ಅದು ತುಟಿ ಪಿಟಕ್ಕೆನ್ನುವುದಿಲ್ಲ.

ನಾನು ಇದ್ದೀನಲ್ಲ, ಸುಮ್ಮನೆ ಕೂರುವ ಪೈಕಿ ಅಲ್ಲ. ರಿಟೈರಾದ ನರ್ಸಮ್ಮ. ಕೈಗೆ ಕೆಲಸವಿಲ್ಲ, ಮನೆಯಲ್ಲಿ ಯಾರಿಗೂ ಜ್ವರವೂ ಇಲ್ಲ. ಅದಕ್ಕೇ ಕಾಲು ಗಂಟೆಗೊಮ್ಮೆ ಹೋಗಿ ಕುಕ್ಕರಿನ ಮುಚ್ಚಳ ತೆಗೆದು ನೋಡುತ್ತೇನೆ. "ತೆಗೀಬ್ಯಾಡ್ರಿ ಅತ್ತೆ, ಒಂದ್ಸಲ ತೆಗೆದ್ರೆ ಕಾವೆಲ್ಲ ಹೋಗ್ತೈತೆ" ಅಂತ ಸುಮಾ ಹೇಳಿದ್ದು ಒಂದೆರಡು ಸಲವಲ್ಲ. ಹೋದ ವಾರ ಒಂದೇ ಬೆಳಗ್ಗೆ ಆರು ಸಲ ತೆಗೆದೆ. ಕಾಳು ಬೇಯಲಿಲ್ಲ. ತಪ್ಪು ನನ್ನದು ಅಂತ ನನಗೆ ಗೊತ್ತು, ಈಗ ನಿಮಗೂ ಗೊತ್ತಾಯಿತು. ಆದರೆ ಎದುರು ಮನೆಯ ಗಂಗಕ್ಕನ ಹತ್ತಿರ ನಾನು ಅಂದದ್ದೇ ಬೇರೆ: "ಏನ್ ಹೇಳ್ಲಿ ಅಕ್ಕ, ನಮ್ಮ ಸುಮಾ ದಿನಾ ಬೆಳಿಗ್ಗೆ ಕಲ್ಲು ಬೇಯಾಕೆ ಇಟ್ಟು ಹೋಗ್ತಾಳೆ."

ಗಂಗಕ್ಕ ನನ್ನ ಗಂಡನ ಅಕ್ಕ. ವಯಸ್ಸು ಎಂಬತ್ತರ ಹತ್ತಿರ. ಮಂಡಿ ಹೋಗಿವೆ, ಹಲ್ಲು ಹೋಗಿವೆ, ಕಿವಿ ಮಾತ್ರ ಸುಖವಾಗಿವೆ. ಅವರಿಗೆ ಒಂದು ಮಾತು ಹೇಳಿದರೆ ನ್ಯಾಮತಿ ಪೇಟೆಗೆಲ್ಲ ಡಂಗುರ ಹೊಡೆಸಿದ ಹಾಗೆ. ನನ್ನ ಮಾತು ನಾಲ್ಕೇ ದಿನದಲ್ಲಿ ಊರು ಸುತ್ತಿ ಸುಮಾಳ ಕಿವಿಗೆ ಬಂತು.

ಅವಳು ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತಾಡಿ ಹಗುರ ಆಗುತ್ತಿದ್ದೆ. ಇವತ್ತು ಬೆಳಗ್ಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಮೆಲ್ಲಗೆ ಅಂದಳು, "ಅತ್ತೆ, ಪ್ರಮೋಷನ್ ಬ್ಯಾಡ ಅಂತ ಬರೆದುಕೊಟ್ಟು ಬರ್ತೀನಿ. ಇವತ್ತು ಹತ್ತೂವರೆಗೆ ಸಾಹೇಬ್ರು ಕೇಳ್ತಾರೆ. ಹೊನ್ನಾಳಿಗೆ ಹೋಗಿ ಬರೋವಾಗ್ಲೇ ಮನೇಲಿ ಅಡಿಗೆ ಹಿಂಗಾದ್ರೆ, ದಿನಾ ಚನ್ನಗಿರಿಗೆ ಹೋದ್ರೆ ಹೆಂಗೆ?"

ಒಂಬತ್ತು ವರ್ಷ ಒಂದೇ ಕುರ್ಚಿಯಲ್ಲಿ ಗುಮಾಸ್ತೆಯಾಗಿ ಕೂತವಳಿಗೆ ಬಂದ ಬಡ್ತಿ ಅದು, ಜೊತೆಗೆ ದೂರದ ಚನ್ನಗಿರಿಗೆ ವರ್ಗ. ಬಂದ ದಿನ ಸ್ವೀಟು ಹಂಚಿದ್ದಳು. ನಾನು ಹಾಲಿನ ಪಾತ್ರೆ ತೊಳೆಯುತ್ತಾ ನಿಂತೆ, ತೊಳೆದದ್ದನ್ನೇ ತೊಳೆದೆ. ಬಸ್ಸಿಗೆ ಹೊತ್ತಾಗಿತ್ತು, ಅವಳು ಹೋದಳು.

ಈಗ ಒಂಬತ್ತೂವರೆ. ಇವತ್ತು ಇನ್ನೂ ಒಂದು ಸಲವೂ ತೆಗೆದಿರಲಿಲ್ಲ, ಅಭ್ಯಾಸಬಲದಿಂದ ಗಾಜಿನ ಮುಚ್ಚಳದ ಮೇಲೆ ಕೈಯಿಟ್ಟೆ. ಆ ವಾಸನೆ ಮೂಗಿಗೆ ಬಡಿದದ್ದೇ ಕೈ ಹಿಂದಕ್ಕೆ ಬಂತು. ಎಷ್ಟು ವರ್ಷದ ಹಿಂದಿನ ವಾಸನೆ ಅದು! ಆದರೆ ಆಗ ಅದು ಅಡಿಗೆಮನೆಯಿಂದ ಬರುತ್ತಿರಲಿಲ್ಲ, ನಗಬೇಡಿ, ಬಚ್ಚಲಿನಿಂದ ಬರುತ್ತಿತ್ತು.

ಆಗ ಈ ಮನೆಗೆ ಹೆಂಚು, ಹಿಂದುಗಡೆ ಬಚ್ಚಲು, ಬಚ್ಚಲಲ್ಲಿ ಹಂಡೆ ಒಲೆ. ನನಗೆ ಹೊನ್ನಾಳಿ ಆಚೆಯ ಒಂದು ಹಳ್ಳಿಯಲ್ಲಿ ಡ್ಯೂಟಿ. ಏಳರ ಬಸ್ಸು ತಪ್ಪಿದರೆ ಗತಿಯಿಲ್ಲ. ಮಗ ಎರಡು ವರ್ಷದವನು. ಗಂಡ ಗೊಬ್ಬರದಂಗಡಿಯಲ್ಲಿ ಕೆಲಸಕ್ಕಿದ್ದರು, ಒಂದು ಗಂಟೆಗೆ ಊಟಕ್ಕೆ ಮನೆಗೆ ಬರುವವರು. ಮತ್ತೆ ಅತ್ತೆ. ಜಗಳೂರು ಕಡೆ ಸೊಕ್ಕೆ ಅನ್ನುವ ಊರಿನ ಹೆಣ್ಣುಮಗಳು. ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದರು. ಮೂಳೆ ಕೂಡಿತು, ಹಿಡಿತ ಬರಲಿಲ್ಲ. ಸೌಟು ಹಿಡಿದರೆ ಕೈ ಗಡಗಡ ಅನ್ನುತ್ತಿತ್ತು. ಮಾತೂ ಕಡಿಮೆ. ಮೊಮ್ಮಗನನ್ನು ಕಾಲ ಮೇಲೆ ಹಾಕಿಕೊಂಡು ಕೂತರೆ ಕೂತರು. ನನಗೆ ಅವರನ್ನು ಕಂಡರೆ ಹೆದರಿಕೆ, ಯಾಕೆ ಅಂತ ಕೇಳಿದರೆ ಹೇಳಾಕೆ ಬರೋದಿಲ್ಲ.

ಐದಕ್ಕೆ ಎದ್ದು ನಾನು ಗ್ಯಾಸಿನ ಮೇಲೆ ಕುಕ್ಕರಿಟ್ಟು ಅಡಿಗೆ ಮಾಡಿಡುತ್ತಿದ್ದೆ. ಒಂದು ಗಂಟೆಯ ಹೊತ್ತಿಗೆ ಅದು ಆರಿ ಅಂಟು ಅಂಟಾಗಿರುತ್ತಿತ್ತು. ಗಂಗಕ್ಕ ಆಗಲೂ ಎದುರು ಮನೆಯೇ. "ನನ್ನ ತಮ್ಮಗೆ ತಣ್ಣನ ಕೂಳು ತಿನ್ನೋ ಹಣೆಬರಹ ಬಂತಲ್ಲ" ಅಂತ ಬೀದಿಗೆ ಕೇಳುವ ಹಾಗೆ ಅನ್ನುತ್ತಿದ್ದರು. ದಿನಾ ಕೇಳಿ ಕೇಳಿ ನನ್ನ ಗಂಡನಿಗೂ ಅನ್ನ ತಣ್ಣಗಿದೆ ಅಂತ ಅನ್ನಿಸಾಕೆ ಶುರುವಾಯಿತು. ಒಂದು ದಿನ ಅಂದರು, "ದೀಪಾವಳಿ ತನಕ ನೋಡಾಣ. ಆಗ್ಲಿಲ್ಲ ಅಂದ್ರೆ ಕೆಲಸ ಬಿಟ್ಟುಬಿಡು."

ಕೆಲಸ ಅಂದರೆ ನನಗೆ ಜೀವ ಸ್ವಾಮಿ. ಹಳ್ಳಿಯ ಹೆಂಗಸರು "ನರ್ಸಮ್ಮ ಬಂದ್ರು" ಅಂತ ಚಾಪೆ ಹಾಸಿದರೆ ಆ ಚಾಪೆ ಮೇಲೆ ನಾನು ಮಹಾರಾಣಿ. ಬಚ್ಚಲಿಗೆ ಹೋಗಿ ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಹೊಗೆಯ ನೆಪ ಇತ್ತಲ್ಲ, ಅಳಲಿಕ್ಕೆ ಒಳ್ಳೆಯ ಜಾಗ. ಅಲ್ಲೇ ಮೂಲೆಯಲ್ಲಿ ನೋವಿನ ಕೈಗೆ ಕಾವು ಕೊಟ್ಟುಕೊಳ್ಳುತ್ತಾ ನಮ್ಮತ್ತೆ ಕೂತಿದ್ದು ನಾನು ನೋಡಿರಲಿಲ್ಲ.

"ಇಷ್ಟು ಕೆಂಡ ದಿನಾ ಸುಮ್ನೆ ಬೂದಿಯಾಗ್ತೈತಲ್ಲೇ" ಅಂದರು. "ಇದರಾಗೆ ಗಡಿಗೆ ಹೂಳಿಟ್ಟು ಹೋಗು."

"ಬಚ್ಚಲ ಒಲ್ಯಾಗೆ ಅಡಿಗೇನಾ, ಅತ್ತೆ?"

"ಬೆಂಕಿ ಬೆಂಕಿನೇ. ಸೊಕ್ಕ್ಯಾಗೆ ನಾನು, ನಮ್ಮವ್ವ ಕೂಲಿಗೆ ಹೋಗೋವಾಗ ಹಿಂಗೇ ಇಟ್ಟು ಹೋಗ್ತಿದ್ವಿ. ಹೊತ್ತು ನೆತ್ತಿಗೆ ಬರೋ ಹೊತ್ತಿಗೆ ಬೆಂದಿರ್ತಿತ್ತು. ನಾವೇನು ಒಲೆ ಕಾಯ್ಕಂಡು ಕುಂತ ಜನಾನಾ? ಗಂಗಿಗೆ ಹೇಳಬ್ಯಾಡ, ಅಷ್ಟೇ."

ಮಾರನೆಯ ದಿನದಿಂದ ಶುರು. ಎಲ್ಲರ ಸ್ನಾನ ಆದ ಮೇಲೆ ಹಂಡೆ ಇಳಿಸಿ, ಮಣ್ಣಿನ ಗಡಿಗೆಗೆ ಕಾಳು, ನುಚ್ಚು, ಬದನೆಕಾಯಿ ಹಾಕಿ, ಒಂದು ಕುದಿ ಬರಿಸಿ, ಮುಚ್ಚಳದ ಸುತ್ತ ರಾಗಿಹಿಟ್ಟು ಮೆತ್ತಿ, ಕೆಂಡ ಬೂದಿ ಎಳೆದು ಕುತ್ತಿಗೆ ತನಕ ಹೂಳಿಟ್ಟು ನಾನು ಬಸ್ಸಿಗೆ ಓಡುತ್ತಿದ್ದೆ. ಒಂದು ಗಂಟೆಗೆ ಗಂಡ ಬಂದು ಗಡಿಗೆ ಎತ್ತಿ, ಹಿಟ್ಟು ಒಡೆದು ಮುಚ್ಚಳ ತೆಗೆದರೆ ಹಬೆ ಮುಖಕ್ಕೆ ರಾಚುತ್ತಿತ್ತಂತೆ. ಮೊದಲನೇ ದಿನವೇ ಮೂರು ಸಲ ಬಡಿಸಿಕೊಂಡರು. ಎಲ್ಲಿ ಬೆಂದದ್ದು ಅನ್ನುವುದನ್ನು ಅಕ್ಕನಿಗೆ ಹೇಳುವ ಧೈರ್ಯ ಮಾತ್ರ ಅವರಿಗೂ ಇರಲಿಲ್ಲ.

ಆದರೆ ಹೊಸ ತೊಂದರೆ ಬಂತು. ನಮ್ಮ ಬೀದಿಯಲ್ಲಿ ಯಾರ ಮನೆಯ ಕುಕ್ಕರು ಎಷ್ಟು ಗಂಟೆಗೆ ಎಷ್ಟು ಕೂಗಿತು ಅನ್ನುವುದು ಗಂಗಕ್ಕನ ಬಾಯಲ್ಲೇ ಇರುತ್ತಿತ್ತು. ಮೂರು ಕೂಗಿದರೆ ಬೇಳೆ, ಐದು ಕೂಗಿದರೆ ಕಾಳು, ಏಳಾದರೆ ನೆಂಟರು ಬಂದಿದ್ದಾರೆ, ಮಟನ್ ತಂದಿದ್ದಾರೆ. ನನ್ನ ತವರಿನವರು ಕೊಟ್ಟ ಕುಕ್ಕರು ಮೂಲೆ ಸೇರಿ ಸುಮ್ಮನಾದದ್ದು ಅವರಿಗೆ ಗೊತ್ತಾಗದೆ ಇರುತ್ತದೆಯೇ? "ಆ ಮನ್ಯಾಗೆ ಒಲೆನೇ ಹಚ್ಚಂಗಿಲ್ಲ. ಕೂಗೇ ಕೇಳಲ್ಲ. ಮಗು ಉಪವಾಸ ಐತೇನೋ" ಅಂತ ಮತ್ತೆ ಶುರುವಿಟ್ಟುಕೊಂಡರು. ಗಂಡನ ಮುಖ ಮತ್ತೆ ಗಂಟಾಯಿತು. ದೀಪಾವಳಿಗೆ ಹದಿನೈದು ದಿನ ಇತ್ತು.

ಆಮೇಲೆ ಇದ್ದಕ್ಕಿದ್ದಂತೆ ಆ ಮಾತು ನಿಂತುಹೋಯಿತು. ಗಂಗಕ್ಕ ನನ್ನನ್ನು ಕಂಡರೆ "ಪಾಪ, ಇಬ್ರೂ ಸೇರಿ ಹೆಂಗೋ ತೂಗಿಸ್ತೀರಿ ಬಿಡು" ಅನ್ನುವ ತನಕ ಬಂದರು. ನನ್ನ ಒಳ್ಳೆಯತನಕ್ಕೇ ಅವರು ಕರಗಿದರು ಅಂದುಕೊಂಡು ಒಂದು ವಾರ ಬೀಗಿದೆ ನೋಡಿ, ಅಂಥ ದಡ್ಡಿ ನಾನು.

ಒಂದು ದಿನ ಡ್ಯೂಟಿ ಊರಿನಲ್ಲಿ ಸಾವಾಗಿತ್ತು. ಮಕ್ಕಳಿಗೆ ಚುಚ್ಚುಮದ್ದು ಹಾಕಿಸಾಕೆ ಯಾರೂ ಬರುವ ಹಾಗಿರಲಿಲ್ಲ. ಬಂದ ಬಸ್ಸಿಗೇ ವಾಪಸು ಹತ್ತಿ ಒಂಬತ್ತೂವರೆಗೆ ನಮ್ಮ ಬೀದಿಗೆ ಬಂದೆ. ನಮ್ಮ ಮನೆಯೊಳಗಿಂದ ಕುಕ್ಕರು ಕೂಗಿತು. ಒಂದು. ಬಾಗಿಲಿಗೆ ಬರುವುದರೊಳಗೆ ಎರಡು. ಒಳಗೆ ಹೋದೆ. ಮಗುವನ್ನು ಸೊಂಟಕ್ಕೆ ಇಟ್ಟುಕೊಂಡು ಅತ್ತೆ ಗ್ಯಾಸಿನ ಮುಂದೆ ನಿಂತಿದ್ದರು. ಮೂರನೆಯದು ಕೂಗಿದ ಕೂಡಲೆ ಆರಿಸಿದರು. ತಿರುಗಿ ನನ್ನನ್ನು ನೋಡಿ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಆದರು.

"ಏನಿಟ್ಟಿದ್ರಿ ಅತ್ತೆ? ಬಚ್ಚಲಾಗೆ ಗಡಿಗೆ ಐತಲ್ಲ?"

ಹಬೆ ಇಳಿದ ಮೇಲೆ ನಾನೇ ಮುಚ್ಚಳ ತೆಗೆದೆ. ಒಳಗೆ ಎರಡು ಲೋಟ ನೀರು. ಅಕ್ಕಿಯಿಲ್ಲ, ಬೇಳೆಯಿಲ್ಲ, ಬರೀ ನೀರು.

"ಗಂಗಿಗೆ ಕೇಳ್ಲಿ ಅಂತ" ಅಂದರು ಅತ್ತೆ. "ನನ್ನ ಮಗಳು ಅವಳು, ಅವಳ ಬಾಯಿ ನನಗೆ ಗೊತ್ತಿಲ್ವಾ? ಮೂರು ಕೂಗಿದ್ರೆ ಸಾಕು, ಸುಮ್ನಾಗ್ತಾಳೆ. ನೀನು ಕೆಲಸ ಬಿಡಬ್ಯಾಡ."

ಆ ಕೈಯಲ್ಲಿ ಕುಕ್ಕರಿನ ಮುಚ್ಚಳ ಕೂರಿಸುವುದು ಅಂದರೆ ಏನು ಅಂತ ನನಗೆ ಗೊತ್ತಿತ್ತು. ಎಡಗೈಯಲ್ಲಿ ಹಿಡಿದು, ಎದೆಗೆ ಒತ್ತಿಕೊಂಡು, ಜಾರಿ, ಮತ್ತೆ ಕೂರಿಸಿ, ದಿನಾ. ನನಗೆ ಒಂದು ಮಾತೂ ಹೇಳದೆ. ನಾನು ಅವರ ಆ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಹೊಗೆಯ ನೆಪವೂ ಇರಲಿಲ್ಲ. "ಥೂ, ಬಿಡೇ, ಮಗು ಹೆದರ್ಕಂತೈತೆ" ಅಂದರು. ದೀಪಾವಳಿ ಬಂತು, ಹೋಯಿತು. ಮೂವತ್ತು ವರ್ಷ ಸರ್ವಿಸು ಮುಗಿಸಿದೆ. ಈಗ ಅತ್ತೆ ಇಲ್ಲ.

ಇಷ್ಟೆಲ್ಲ ಗೊತ್ತಿದ್ದವಳು, ಇಷ್ಟು ಅನ್ನ ಉಂಡವಳು, ಹೋದ ವಾರ ಜಗಲಿ ಮೇಲೆ ಕೂತು ಅದೇ ಗಂಗಕ್ಕನಿಗೆ ಸೊಸೆಯ ಮೇಲೆ ಚಾಡಿ ಹೇಳಿದ್ದೇನೆ. ನನಗೆ ನಾಚಿಕೆಯಾಯಿತು. ಸುಮ್ಮನೆ ಬಾಯಿಮಾತಿಗಲ್ಲ, ಕಿವಿ ಬಿಸಿಯಾಗುವಷ್ಟು ಆಯಿತು.

ಅಷ್ಟರಲ್ಲಿ ಎದುರು ಮನೆಯಿಂದಲೇ ದನಿ ಬಂತು. "ಏನೇ, ಹತ್ತು ಗಂಟೆ ಆಯ್ತು, ನಿಮ್ಮ ಮನ್ಯಾಗೆ ಕೂಗೇ ಇಲ್ಲ? ಇವತ್ತೂ ಕಲ್ಲು ಬೇಯಾಕೆ ಇಟ್ಟು ಹೋಗ್ಯಾಳೇನು?"

ನನ್ನ ಮಾತೇ ಅದು. ಅಕ್ಷರ ಬದಲಾಗಿರಲಿಲ್ಲ.

ಅಟ್ಟದ ಮೇಲಿಂದ ಹಳೇ ಕುಕ್ಕರು ಇಳಿಸಿದೆ. ಧೂಳು ತೊಳೆದು ಎರಡು ಲೋಟ ನೀರು ಹೊಯ್ದೆ. ಗ್ಯಾಸ್ಕೆಟ್ಟು ಸಡಿಲ, ಎರಡು ಸಲ ಜಾರಿತು, ಎದೆಗೆ ಒತ್ತಿ ಕೂರಿಸಿದೆ. ಉರಿ ದೊಡ್ಡದು ಮಾಡಿ, ಹಬೆ ಕಟ್ಟುತ್ತಿದ್ದಂತೆ ಸುಮಾಳಿಗೆ ಫೋನು ಹಚ್ಚಿದೆ. ಅವಳು ಎತ್ತುವುದಕ್ಕೂ ಮೊದಲನೆಯ ಕೂಗಿಗೂ ಸರಿಹೋಯಿತು.

"ಅತ್ತೆ, ಕುಕ್ಕರ್ ಯಾಕೆ ಇಟ್ರಿ? ನಾನು ಇಟ್ಟು ಬಂದಿದ್ನಲ್ಲ, ಅದೂ ಬೇಯಲಿಲ್ವಾ?" ಅವಳ ದನಿ ಸಣ್ಣಗಾಗಿತ್ತು.

"ಅದು ಬೇಯ್ತಾ ಐತೆ. ಇವತ್ತು ಮುಚ್ಚಳ ತೆಗೆದಿಲ್ಲ, ನಿನ್ನಾಣೆ. ಹೋದ ವಾರ ಕೆಡಿಸಿದ್ದು ನಾನೇ ಕಣವ್ವ. ನೀನು ಚನ್ನಗಿರಿಗೆ ಹೋಗ್ತೀನಿ ಅಂತ ಬರೆದುಕೊಡು."

ಎರಡನೆಯದು ಕೂಗಿತು. ಆ ಕಡೆಯಿಂದ ಮೂಗು ಏರಿಸಿದ್ದು ಕೇಳಿಸಿತು.

"ಮತ್ತೆ ಕುಕ್ಕರಿನಾಗೆ ಏನು ಅತ್ತೆ?"

"ನೀರು" ಅಂದೆ. "ಸಂಜೆ ಬಾ, ಹೇಳ್ತೀನಿ."

ಮೂರನೆಯದೂ ಕೂಗಿತು. ಗ್ಯಾಸು ಆರಿಸಿದೆ.