ಕಲ್ಯಾಣದುರ್ಗದ ತಾಯಿಗೆ ಹೇಳಬೇಕಾದ ಮಾತು

ಬಸ್ಸು ಪೆನುಕೊಂಡದಲ್ಲಿ ಕೆಟ್ಟು ನಿಲ್ಲಬಹುದಿತ್ತು. ವೈದ್ಯೆಯ ಇಂಗ್ಲಿಷ್ ಅರ್ಥವಾಗದೆ ನಾನು ಸುಮ್ಮನೆ ತಲೆಯಾಡಿಸಬಹುದಿತ್ತು. ನನ್ನ ತೆಲುಗು ಅರ್ಧದಲ್ಲೇ ಕೈಕೊಡಬಹುದಿತ್ತು. ಹೆಂಡದ ಮಾತೆತ್ತಿದೊಡನೆ ಆ ತಾಯಿ ಮಗಳ ಕೈ ಹಿಡಿದು ಎದ್ದು ಹೋಗಬಹುದಿತ್ತು. ಹೋದರೆ ಹುಡುಗಿಯ ಓದು ಅಲ್ಲಿಗೇ ಮುಗಿಯುತ್ತಿತ್ತು. ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಕಿಟಕಿಯ ಪಕ್ಕ ಕೂತು ಇದನ್ನೆಲ್ಲ ಶ್ರದ್ಧೆಯಿಂದ ಚಿಂತಿಸಿದೆ. ಪಾಠ ಮಾಡುವುದಕ್ಕಿಂತ ಚಿಂತೆ ಮಾಡುವುದರಲ್ಲೇ ಈ ಮೇಷ್ಟರಿಗೆ ಅನುಭವ ಹೆಚ್ಚು.

ಅದು ತೊಂಬತ್ತರ ದಶಕ. ಬೆಂಗಳೂರಿನಿಂದ ಬಂದು ಮಕ್ಕಳನ್ನು ನೋಡುತ್ತಿದ್ದ ವೈದ್ಯೆಯ ಮಾತನ್ನು ನಮ್ಮ ಕನ್ನಡ-ತೆಲುಗಿಗೆ ತಿರುಗಿಸುವುದು ನನ್ನ ಕೆಲಸ. ಹುಡುಗಿಗೆ ನಿನ್ನೆಯ ಪಾಠ ಇವತ್ತು ನೆನಪಿರುತ್ತಿರಲಿಲ್ಲ; ತಾಯಿ ಬಸುರಿಯಾಗಿದ್ದಾಗ ಕುಡಿದ ಹೆಂಡ ಅದಕ್ಕೆ ಕಾರಣ ಎಂದಿದ್ದರು ವೈದ್ಯೆ. ಅವಳನ್ನು ಬಿಡಿಸಿಕೊಂಡು ಹೋಗಿ ಎಂದು ಅವಳ ಹೆಡ್ ಮೇಷ್ಟರು ಹೇಳಿಯಾಗಿತ್ತು. ತಾಯಿ ಒಪ್ಪಿದರೆ ಆ ಹೆಡ್ ಮೇಷ್ಟರೊಂದಿಗೆ ತಾನೇ ಮಾತಾಡುತ್ತೇನೆ ಎಂದೂ ಹೇಳಿದ್ದರು.

ಅವಳ ಕೇರಿಯವರು ಅವಳನ್ನು ‘ಹೆಂಡದ ಕೂಸು’ ಅನ್ನುತ್ತಿದ್ದರು. ಹಾಗನ್ನುವುದು ತಪ್ಪು, ಒಪ್ಪಿದೆ. ಹಾಗಾದರೆ ಏನನ್ನಬೇಕು? ಈ ಪ್ರಶ್ನೆ ನನ್ನನ್ನು ವಾರವಿಡೀ ಕಾಡಿತು. ‘ರೋಗಿ’ ಎನ್ನಲು ಅವಳು ಹಾಸಿಗೆ ಹಿಡಿದವಳಲ್ಲ. ‘ಪೀಡಿತೆ’ ಎಂದರೆ ದೆವ್ವ ಹೊಕ್ಕಂತೆ. ಮೊದಲು ಮಗು, ಆಮೇಲೆ ಮಿಕ್ಕಿದ್ದು ಎಂಬ ಉದ್ದನೆಯ ವಾಕ್ಯವೊಂದನ್ನು ಕಟ್ಟಿ ಹೆಂಡತಿಗೆ ಒಪ್ಪಿಸಿದೆ. ಬದನೆಕಾಯಿ ಹೆಚ್ಚುತ್ತಿದ್ದವಳು, “ನೀವು ಹೇಳಿ ಮುಗಿಸೋ ಹೊತ್ಗೆ ಆ ಹುಡ್ಗಿ ಮದ್ವೆ ವಯಸ್ಸಿಗೆ ಬಂದಿರ್ತಾಳೆ” ಎಂದಳು. ವಾಕ್ಯವನ್ನು ಅರ್ಧಕ್ಕೆ ಕತ್ತರಿಸಿದೆ.

ಆಸ್ಪತ್ರೆಯಲ್ಲಿ ವೈದ್ಯೆಯ ಮಾತನ್ನು ತಿರುಗಿಸಿ ಹೇಳುತ್ತಾ ಹೆಂಡದ ವಿಷಯಕ್ಕೆ ಬಂದೊಡನೆ ಆ ತಾಯಿ ನನ್ನನ್ನೇ ನೋಡಿದಳು.

“ನಾನು ಕುಡುಕಿ ಅಂತೀರಾ ಸಾರ್? ಬಸುರಿ ಮೈ ತಂಪಾಗ್ಲಿ ಅಂತ ನಮ್ಮತ್ತೇನೇ ಚೊಂಬಲ್ಲಿ ಈಚಲ ಹೆಂಡ ಕೊಡ್ತಿದ್ಲು. ಅವಳೂ ಕುಡ್ದೇ ನನ್ ಗಂಡನ್ನ ಹೆತ್ತಿದ್ದು.”

“ಕುಡುಕಿ ಅಂತ ಯಾರೂ ಅಂತಿಲ್ಲ ಕಣಮ್ಮ. ನಿನ್ಗೂ ಗೊತ್ತಿರ್ಲಿಲ್ಲ, ನಿಮ್ಮತ್ತೆಗೂ ಗೊತ್ತಿರ್ಲಿಲ್ಲ. ಮಗು ಹೊಟ್ಟೇಲಿದ್ದಾಗ ಹೆಂಡ ತಾಕೈತೆ, ಅದ್ಕೆ ಅವಳು ಕಲಿಯೋ ದಾರಿ ಬೇರೆ ಆಗೈತೆ. ಕಲೀತಾಳೆ. ನಾವು ಬೇರೆ ಥರ ಕಲಿಸ್ಬೇಕು.”

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು, ಏಳಲಿಲ್ಲ. ಬೇರೆ ಥರ ಅಂದರೆ ಹೇಗೆ ಎಂದು ಕೇಳಿದಳು. ಒಮ್ಮೆಗೆ ಒಂದೇ ಮಾತು ಹೇಳಬೇಕು, ದಿನಾ ಅದನ್ನೇ ಹೇಳಬೇಕು, ರೇಗಬಾರದು ಎಂದು ವೈದ್ಯೆ ಹೇಳಿದ್ದನ್ನೆಲ್ಲ ತಿಳಿಸಿದೆ. ಹೆಡ್ ಮೇಷ್ಟರ ಹತ್ತಿರ ಮಾತಾಡಿ ಎಂದು ಒಪ್ಪಿಕೊಂಡಳು. ಬೆನ್ನು ನೇರ ಮಾಡಿಕೊಂಡೆ, ಎಲ್ಲ ಸುಸೂತ್ರವಾಗಿತ್ತು.

ಆಗ ತಾಯಿಯ ಪಕ್ಕದಲ್ಲೇ ಕೂತಿದ್ದ ಹುಡುಗಿ ನನ್ನ ಅಂಗಿಯ ತೋಳು ಎಳೆದಳು.

“ಸಾರ್, ಇಷ್ಟೊತ್ತೂ ಮಾತಾಡಿದ್ದು ನನ್ ವಿಚಾರಾನಾ?”

ಹೂಂ ಎಂದೆ.

“ಮತ್ತೆ ನನ್ನ ಯಾಕೆ ಏನೂ ಕೇಳ್ಲಿಲ್ಲ?”